ವೇಲ್ಸ್‌ನ ಅಬರಿಸ್ಟ್ವಿತ್‌ಗೆ ಓದಲು ಹೊರಟಿದ್ದೇನೆ. ಸಮುದ್ರ ಕಾಣುವ ಬಾಡಿಗೆ ರೂಮು ಒಳ್ಳೆಯದೋ, ಹಾಸ್ಟೆಲೋ? ಸಣ್ಣ ಊರಲ್ಲಿ ಬೇಜಾರಾಗಲ್ವಾ?

ಹಾಸ್ಟೆಲ್. ಹೊರಡುವ ಮುಂಚೆ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ನಾನು ರೂಮು ಹಿಡಿದೆ.

ಜುಲೈನಲ್ಲಿ ಏಜೆಂಟ್ ಫೋಟೋ ಕಳಿಸಿದ್ದರು. ಕಿಟಕಿ ತುಂಬ ನೀಲಿ ಸಮುದ್ರ. ಮನೆಯಲ್ಲೇ ಕೂತು ವರ್ಷದ ಕರಾರಿಗೆ ಸಹಿ ಹಾಕಿಬಿಟ್ಟೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ರೂಮು ಸುಳ್ಳಾಗಿರಲಿಲ್ಲ, ಫೋಟೋದಲ್ಲಿದ್ದ ಹಾಗೇ ಇತ್ತು. ಆದರೆ ಫೋಟೋ ಬೇಸಿಗೆಯದು. ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ, ಅಂದರೆ ಅಲ್ಲಿ ನಾವು ಕಳೆಯುವುದು ಹೆಚ್ಚಾಗಿ ಚಳಿಗಾಲವನ್ನೇ. ದಂಡೆಯ ಮನೆಗಳು ಹಳೆಯವು, ಎತ್ತರದವು, ಪಶ್ಚಿಮಕ್ಕೆ ಮುಖ ಮಾಡಿ ನಿಂತಿವೆ. ಗಾಳಿ ನೇರವಾಗಿ ಕಿಟಕಿಗೇ ಬಡಿಯುತ್ತದೆ. ಗಾಜಿನ ಮೇಲೆ ಉಪ್ಪು ಕೂತು ಸಮುದ್ರವೇ ಮಸುಕಾಗುತ್ತದೆ. ಹೊರಗೆ ಬಟ್ಟೆ ಒಣಗುವುದಿಲ್ಲ. ಒಳಗೆ ಹಾಕಿದರೆ ತೇವ ಗೋಡೆಗೆ ಇಳಿಯುತ್ತದೆ. ಬೀರುವಿನ ಹಿಂದೆ ಕಪ್ಪಗೆ ಬೂಸ್ಟು ಹಿಡಿದಿದ್ದು ನನಗೆ ಗೊತ್ತಾದದ್ದು ಕೋಟು ವಾಸನೆ ಬಂದ ಮೇಲೆ. ಹೀಟರು ಕರೆಂಟಿನದು, ಬಿಲ್ಲು ಬಾಡಿಗೆಗೆ ಸೇರಿರಲಿಲ್ಲ. ಬಿಟ್ಟು ಹೋಗೋಣ ಎಂದರೆ ನಿಗದಿತ ಅವಧಿಯ ಕರಾರು. ನಡುವೆ ಬಿಡುವ ಷರತ್ತು ಅದರಲ್ಲಿ ಇರಲಿಲ್ಲ. ನನ್ನ ಜಾಗಕ್ಕೆ ಇನ್ನೊಬ್ಬರನ್ನು ನಾನೇ ಹುಡುಕಿ ಕೊಡಬೇಕಿತ್ತು. ಜನವರಿಯಲ್ಲಿ ಯಾರು ಸಿಗುತ್ತಾರೆ? ಕೊನೆಯ ತಿಂಗಳವರೆಗೂ ಬಾಡಿಗೆ ಕಟ್ಟಿದೆ.

ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ನೋವಾದದ್ದು ಬೇರೆಯದಕ್ಕೆ. ಯೂನಿವರ್ಸಿಟಿ ಇರುವುದು ಪೆಂಗ್ಲೈಸ್ ಗುಡ್ಡದ ಮೇಲೆ. ಹಾಸ್ಟೆಲಿನವರು ಮೊದಲ ವಾರಗಳಲ್ಲೇ ಒಂದೇ ಅಡುಗೆಮನೆಯಲ್ಲಿ ಬೇಯಿಸಿಕೊಂಡು ಸ್ನೇಹಿತರಾಗಿದ್ದರು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ನಾನು ತರಗತಿ ಮುಗಿದ ಕೂಡಲೇ ಒಬ್ಬನೇ ಗುಡ್ಡ ಇಳಿದು ಬರುತ್ತಿದ್ದೆ. ಆ ಗುಂಪಿಗೆ ಸೇರಿಕೊಳ್ಳುವಷ್ಟರಲ್ಲಿ ಅರ್ಧ ವರ್ಷವೇ ಕಳೆದಿತ್ತು.

ಅದಕ್ಕೇ ಹೇಳುತ್ತೇನೆ, ನೋಟಕ್ಕೆ ಬಾಡಿಗೆ ಕಟ್ಟಬೇಡಿ. ಊರು ಸಣ್ಣದು, ಗುಡ್ಡ ಇಳಿದರೆ ಸಮುದ್ರ. ದಂಡೆಯುದ್ದಕ್ಕೂ ನಡೆದು ಕಾನ್‌ಸ್ಟಿಟ್ಯೂಷನ್ ಹಿಲ್ ಬುಡದ ಕಂಬಿಗೆ ಕಾಲು ತಾಗಿಸಿ ಬರುವುದು ಅಲ್ಲಿನ ವಿದ್ಯಾರ್ಥಿಗಳ ಹಳೆಯ ರೂಢಿ. ಚಳಿಗಾಲದ ಸಂಜೆ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡು ಪಿಯರ್ (ಸಮುದ್ರದೊಳಕ್ಕೆ ಚಾಚಿದ ಕಟ್ಟೆ) ಕೆಳಗೆ ಗೂಡು ಸೇರುವುದನ್ನು ತಪ್ಪದೆ ನೋಡಿ. ಬಿರುಗಾಳಿಯ ದಿನ ಮಾತ್ರ ದಂಡೆಗೆ ಹೋಗಲೇಬೇಡಿ. 2014ರ ಜನವರಿಯಲ್ಲಿ ಅಲೆಗಳು ದಂಡೆಯ ಆ ನಡೆದಾರಿಯನ್ನೇ ಒಡೆದು ಹಾಕಿದ್ದವು, ದಂಡೆಯಲ್ಲಿ ವಾಸವಿದ್ದ ವಿದ್ಯಾರ್ಥಿಗಳನ್ನು ಬೇರೆಡೆಗೆ ಕಳಿಸಬೇಕಾಯಿತು.

ಸಣ್ಣ ಊರಲ್ಲಿ ಬೇಜಾರಾಗಲ್ವಾ ಅಂತಲೂ ಕೇಳಿದ್ದೀರಿ. ವಾರ ವಾರ ಬರ್ಮಿಂಗ್‌ಹ್ಯಾಮ್‌ಗೆ ಓಡಿದರೆ ಖಂಡಿತ ಆಗುತ್ತದೆ. ರೈಲಿನಲ್ಲಿ ಹೋಗುವುದಕ್ಕೇ ಸುಮಾರು ಮೂರು ಗಂಟೆ, ಶನಿವಾರ ಅದರಲ್ಲೇ ಮುಗಿಯುತ್ತದೆ. ಯಾವುದಾದರೂ ಒಂದು ಸೊಸೈಟಿಗೆ, ಅಂದರೆ ವಿದ್ಯಾರ್ಥಿಗಳ ಹವ್ಯಾಸ ಸಂಘಕ್ಕೆ, ಮೊದಲ ವಾರವೇ ಹೆಸರು ಕೊಡಿ. ಪಾರ್ಟ್ ಟೈಮ್ ಕೆಲಸ ನಂಬಿಕೊಂಡು ಬಾಡಿಗೆ ಲೆಕ್ಕ ಹಾಕಬೇಡಿ. ಡಿಗ್ರಿ ಓದುವವರ ವೀಸಾದಲ್ಲಿ ಸಾಮಾನ್ಯವಾಗಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿ ಇದೆ. ಅದೂ ಅಲ್ಲದೆ ಪ್ರವಾಸಿಗರ ಊರಲ್ಲಿ ಕೆಲಸ ಹುಟ್ಟುವುದು ಈಸ್ಟರ್ ನಂತರ.

ಹಾಸ್ಟೆಲ್ ಸಿಗಲೇ ಇಲ್ಲ ಎಂದರೆ ಕೆಲವು ದಿನ ಎಲ್ಲಾದರೂ ತಂಗಿ, ರೂಮನ್ನು ಕಣ್ಣಾರೆ ನೋಡಿ ಆಮೇಲೆ ಸಹಿ ಹಾಕಿ. ಮನೆ ಮಾಲೀಕರ ಹೆಸರು ರೆಂಟ್ ಸ್ಮಾರ್ಟ್ ವೇಲ್ಸ್ (ಬಾಡಿಗೆಗೆ ಕೊಡುವವರನ್ನು ನೋಂದಾಯಿಸುವ ಸಂಸ್ಥೆ) ಪಟ್ಟಿಯಲ್ಲಿ ಇದೆಯಾ ನೋಡಿ. ಡೆಪಾಸಿಟ್ಟನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಗೆ ಸೇರಿಸಬೇಕು, ಅದರ ವಿವರವನ್ನು ಬರಹದಲ್ಲೇ ಕೇಳಿ ಪಡೆಯಿರಿ. ಬೀರು ಸರಿಸಿ ಹಿಂದಿನ ಗೋಡೆ ಮುಟ್ಟಿ ನೋಡಿ. ಹೀಟರು ಯಾವುದು, ಬಿಲ್ಲು ಯಾರದು ಅಂತ ಕೇಳುವುದಕ್ಕೆ ಸಂಕೋಚ ಬೇಡ.