ವಿಟ್ನಿ ಹ್ಯೂಸ್ಟನ್ ಮರುಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯೂ’ ಗೀತೆಯನ್ನು ವಿಮರ್ಶಕರು ಹೇಗೆ ಸ್ವೀಕರಿಸಿದರು?

ಒಟ್ಟಾರೆ ಮೆಚ್ಚುಗೆಯೇ ಹೆಚ್ಚು, ಆದರೆ ಆಕ್ಷೇಪಗಳೂ ಇದ್ದವು. ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ತಮ್ಮ ವೃತ್ತಿಸಂಗಾತಿ ಪೋರ್ಟರ್ ವ್ಯಾಗನರ್ ಅವರಿಂದ ಬೇರೆಯಾಗುವಾಗ ಬರೆದು 1974ರಲ್ಲಿ ಹೊರತಂದ ಈ ಗೀತೆ, ಕೊನೆಯ ಚರಣವನ್ನು ಹಾಡದೆ ಮಾತಿನಲ್ಲೇ ಹೇಳುವಷ್ಟು ಸಂಯಮದ್ದು. 1992ರಲ್ಲಿ ‘ದಿ ಬಾಡಿಗಾರ್ಡ್’ ಚಿತ್ರಕ್ಕಾಗಿ ಹ್ಯೂಸ್ಟನ್ ಅದನ್ನು ಯಾವ ವಾದ್ಯವೂ ಇಲ್ಲದೆ ಆರಂಭಿಸಿ, ಕೊನೆಯ ಭಾಗದಲ್ಲಿ ಕ್ಷಣಕಾಲದ ಮೌನ, ಡ್ರಮ್ಮಿನ ಒಂದು ಪೆಟ್ಟು, ಅದರ ಬೆನ್ನಿಗೇ ಮೇಲಿನ ಶ್ರುತಿಗೆ ಜಿಗಿತ, ಹೀಗೆ ಅದನ್ನು ಬೇರೆಯೇ ಹಾಡಾಗಿಸಿದರು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿದ್ದ ಈ ಆವೃತ್ತಿಗೆ 1994ರಲ್ಲಿ ‘ರೆಕಾರ್ಡ್ ಆಫ್ ದಿ ಇಯರ್’ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು.

ಆಕ್ಷೇಪವಿದ್ದದ್ದು ಮುಖ್ಯವಾಗಿ ಆಡಂಬರದ ಬಗ್ಗೆ: ಸದ್ದಿಲ್ಲದೆ ವಿದಾಯ ಹೇಳುವ ಸಾಹಿತ್ಯಕ್ಕೆ ಇಷ್ಟೊಂದು ಕಂಠಪ್ರದರ್ಶನ ಒಗ್ಗದು ಎಂಬುದು ಅದರ ಸಾರ. ಈ ಮಾತು ಹಾಡಿನ ಉತ್ತರಾರ್ಧಕ್ಕೆ ಮಾತ್ರ ಸಲ್ಲುತ್ತದೆ ಎಂಬುದು ನನ್ನ ಅನಿಸಿಕೆ. ಉಸಿರಾಟವೂ ಕೇಳಿಸುವಂತಿರುವ ಆ ವಾದ್ಯರಹಿತ ಆರಂಭದಲ್ಲಿ ಹ್ಯೂಸ್ಟನ್ ಮೂಲ ಗಾಯಕಿಯಷ್ಟೇ ಮಿತವಾಗಿದ್ದಾರೆ. ಅಂದಹಾಗೆ, ಗೀತೆಯ ಹಕ್ಕುಗಳನ್ನು ತಮ್ಮಲ್ಲೇ ಉಳಿಸಿಕೊಂಡಿದ್ದ ಪಾರ್ಟನ್ ಈ ಆವೃತ್ತಿಯನ್ನು ಮನಸಾರೆ ಹೊಗಳಿದ್ದಾರೆ.