ಜ್ವರ ಬಿಟ್ಟರೂ ಸುಸ್ತು ಬಿಡುತ್ತಿಲ್ಲ

ಪ್ರಶ್ನೆ: ಮಗನಿಗೆ 19 ವರ್ಷ, ಎಂಜಿನಿಯರಿಂಗ್ ಓದುತ್ತಿದ್ದಾನೆ. ನಾಲ್ಕು ತಿಂಗಳ ಹಿಂದೆ ಜ್ವರ, ವಿಪರೀತ ಗಂಟಲು ನೋವು ಬಂದು ಕುತ್ತಿಗೆಯಲ್ಲಿ ಗಂಟುಗಳೆದ್ದವು. ಮೊದಲು ಟೈಫಾಯ್ಡ್ ಅಂದರು. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಮೈತುಂಬ ಕೆಂಪು ದದ್ದು. ಕೊನೆಗೆ ಇಬಿವಿ (ಎಪ್ಸ್ಟೀನ್-ಬಾರ್) ವೈರಸ್, ಅದರಿಂದ ಬರುವ ‘ಮಾನೋ’ ಕಾಯಿಲೆ ಅಂತ ಗೊತ್ತಾಯಿತು. ಈಗ ಜ್ವರವಿಲ್ಲ. ಆದರೆ ಒಂದು ದಿನ ಶಟಲ್ ಆಡಿದರೆ ಎರಡು ದಿನ ಮಲಗುತ್ತಾನೆ. ಅವರಪ್ಪ ಸೋಮಾರಿತನ ಅನ್ನುತ್ತಾರೆ. ಗೂಗಲ್ ನೋಡಿದರೆ ನರರೋಗ ಬರುತ್ತದೆ ಅಂತೆಲ್ಲ ಇದೆ. ತಂಗಿಗೂ ಹರಡುತ್ತದಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೊದಲು ಇದನ್ನು ಅವರಪ್ಪನಿಗೆ ಓದಿಸಿ. ಸೋಮಾರಿ ಹುಡುಗ ಶಟಲ್ ಆಡೋಕೇ ಹೋಗುವುದಿಲ್ಲ, ಅಲ್ವಾ?

ಆಸ್ಟ್ರೇಲಿಯಾದ ಡಬ್ಬೊ ಪಟ್ಟಣದ ಸುತ್ತಮುತ್ತ ಇಬಿವಿ ಮತ್ತು ಇನ್ನೆರಡು ಸೋಂಕು ತಗುಲಿದ 253 ಜನರನ್ನು ವೈದ್ಯರು ಒಂದು ವರ್ಷ ಗಮನಿಸಿದರು. 2006ರಲ್ಲಿ ವರದಿ ಬಂತು. ಆರು ತಿಂಗಳಾದರೂ ಸುಸ್ತು ಬಿಡದವರು ನೂರಕ್ಕೆ 12 ಜನ, ವರ್ಷವಾದರೂ ಬಿಡದವರು 9 ಜನ. ಯಾರಿಗೆ ಹೀಗಾಗುತ್ತದೆ ಅಂತ ಹುಡುಕಿದಾಗ ಸಿಕ್ಕಿದ್ದು ಒಂದೇ ಸುಳಿವು: ಮೊದಲ ದಿನಗಳಲ್ಲಿ ಕಾಯಿಲೆ ಎಷ್ಟು ಜೋರಾಗಿತ್ತು ಅನ್ನುವುದು. ಸ್ವಭಾವಕ್ಕೂ ಮನಸ್ಸಿನ ಗಟ್ಟಿತನಕ್ಕೂ ಇದಕ್ಕೂ ಅಷ್ಟು ನಂಟು ಕಾಣಲಿಲ್ಲ.

ನೀವು ಬರೆದ ‘ಒಂದು ದಿನ ಆಟ, ಎರಡು ದಿನ ಹಾಸಿಗೆ’ ಸೋಂಕಿನ ನಂತರ ಉಳಿಯುವ ಈ ಸುಸ್ತಿನ ಗುರುತು. ದಣಿವು ಆಗಲೇ ಬರುವುದಿಲ್ಲ, ಮರುದಿನ ಬಂದು ಹೊಡೆಯುತ್ತದೆ. ಹಾಗಾಗಿ ಇವತ್ತು ಚೆನ್ನಾಗಿದ್ದೇನೆ ಅನ್ನಿಸಿದ ದಿನವೇ ಹುಡುಗರು ಎಡವುವುದು. ಹದಿನೈದು ದಿನ ಅವನು ಮಾಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಲಿ. ಎಷ್ಟು ಮಾಡಿದರೆ ಮರುದಿನ ಏಳಲು ಕಷ್ಟವಾಗುವುದಿಲ್ಲವೋ ಅಷ್ಟೇ ಅವನ ಮಿತಿ. ಅದರೊಳಗೆ ಇರಲಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿ ಬಚ್ಚಲಿನಲ್ಲಿ ಸ್ಟೂಲ್ ಇಟ್ಟುಕೊಂಡು ಕೂತು ಸ್ನಾನ ಮಾಡುತ್ತಿದ್ದಳು, ಜಡೆ ಹಾಕಿಕೊಳ್ಳಲು ಅಮ್ಮನ ಕೈಗೆ ತಲೆ ಕೊಡುತ್ತಿದ್ದಳು. ಉಳಿದ ಶಕ್ತಿಯಲ್ಲಿ ಎರಡು ಕ್ಲಾಸ್ ಕೂರುತ್ತಿದ್ದಳು. ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸಿ ಅಂತ ನಾವು ವೈದ್ಯರೇ ಹೇಳುತ್ತಿದ್ದ ಕಾಲವಿತ್ತು. ದೀರ್ಘಕಾಲದ ಈ ಬಗೆಯ ಸುಸ್ತಿಗೆ ಆ ಸಲಹೆ ಬೇಡ ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2021ರಲ್ಲಿ ಹೇಳಿತು.

ಎಲ್ಲವನ್ನೂ ಮಾನೋ ತಲೆಗೆ ಕಟ್ಟಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12 ಒಮ್ಮೆ ನೋಡಿಸಿ. ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ, ಗಂಟು ಕರಗದಿದ್ದರೆ ತಡಮಾಡಬೇಡಿ. ಟಿಬಿ ಮುಂತಾದ್ದನ್ನು ಪರೀಕ್ಷಿಸಬೇಕು. ವಿಟಮಿನ್ ಡ್ರಿಪ್‌ಗೆ ಮಾತ್ರ ಸುಮ್ನೆ ದುಡ್ಡು ಸುರಿಯಬೇಡಿ.

ಗೂಗಲ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಬಿವಿ ತಗುಲಿದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸಾಧ್ಯತೆ 32 ಪಟ್ಟು ಏರಿತ್ತು. ಭಯ ಹುಟ್ಟಿಸುವ ಸಂಖ್ಯೆಯೇ. ಆದರೆ ಅಷ್ಟು ಜನರಲ್ಲಿ ಆ ರೋಗ ಬಂದದ್ದು 955 ಮಂದಿಗೆ. ವೈರಸ್ಸೋ, ದೊಡ್ಡವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನರ ಮೈಯಲ್ಲಿದೆ. ನಿಮ್ಮಲ್ಲೂ ಇರಬಹುದು, ನನ್ನಲ್ಲೂ.

ಅದಕ್ಕೇ ತಂಗಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇದು ಹರಡುವುದು ಎಂಜಲಿನಿಂದ. ಒಂದೇ ಬಾಟಲಿ, ಒಂದೇ ತಟ್ಟೆ ಬೇಡ ಅನ್ನಿ, ಸಾಕು. ಚಿಕ್ಕಂದಿನಲ್ಲಿ ಬಂದರೆ ಸಾಮಾನ್ಯ ನೆಗಡಿಯಂತೆ ಹೋಗಿಬಿಡುತ್ತದೆ, ಗೊತ್ತೇ ಆಗುವುದಿಲ್ಲ. ಹದಿಹರೆಯದಲ್ಲಿ ಬಂದಾಗಲೇ ಹೀಗೆ ಮಲಗಿಸುವುದು ಜಾಸ್ತಿ.

ಇನ್ನೊಂದು ಮಾತು. ಫೈಲಿನ ಮೇಲೆ ‘ಪೆನಿಸಿಲಿನ್ ಅಲರ್ಜಿ’ ಅಂತ ಬರೆದಿದ್ದಾರಾ ನೋಡಿ. ಮಾನೋ ಇದ್ದಾಗ ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಕೊಟ್ಟರೆ ಏಳುವ ದದ್ದು ಎಷ್ಟೋ ಸಲ ನಿಜವಾದ ಅಲರ್ಜಿ ಆಗಿರುವುದಿಲ್ಲ. ಮನೆಯಲ್ಲಿ ಪ್ರಯೋಗ ಮಾಡಬೇಡಿ, ಅಲರ್ಜಿ ತಜ್ಞರಿಗೆ ತೋರಿಸಿ.