ಮಾಚಾ 100 ಗ್ರಾಂ ತರಿಸಬೇಡಿ, 20 ಗ್ರಾಂ ಸಾಕು

‘ಸೆರಿಮೋನಿಯಲ್ ಗ್ರೇಡ್’ (ಚಹಾ ಸಮಾರಂಭದ ದರ್ಜೆ) ಮಾಚಾ, ಅಂದರೆ ಜಪಾನಿನ ಹಸಿರು ಚಹಾ ಪುಡಿ, 100 ಗ್ರಾಂ ತರಿಸಿಟ್ಟುಕೊಂಡು ವಿಶೇಷ ದಿನಗಳಲ್ಲಿ ಕುಡಿಯಬೇಕು, ಯಾವುದು ಕೊಳ್ಳಲಿ ಅಂತ ಕೇಳಿದ್ದೀರಿ. ತರಿಸಿ ಇಟ್ಟುಕೊಳ್ಳಲೇಬೇಡಿ. ಹಾಗೆ ಇಟ್ಟೇ ನಾನು ಹಾಳು ಮಾಡಿದ್ದು.

ಕೆಲಸದ ಮೇಲೆ ಎರಡು ವರ್ಷ ಒಸಾಕಾದಲ್ಲಿದ್ದೆ. ಒಂದು ಭಾನುವಾರ ಕ್ಯೋಟೋ ಪಕ್ಕದ ಊಜಿಗೆ ಹೋದೆ. ಬ್ಯೋದೋಇನ್ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಸಾಲಾಗಿ ಚಹಾ ಅಂಗಡಿಗಳು. ಒಂದರಲ್ಲಿ ಅಜ್ಜಿಯೊಬ್ಬರು ಮೊದಲು ಕೆಂಪು ಕಾಳಿನ ಹೂರಣದ ಪುಟ್ಟ ಸಿಹಿ ಕೊಟ್ಟರು. ಆ ಸಿಹಿ ಬಾಯಲ್ಲಿರುವಾಗಲೇ ಬಟ್ಟಲು ಬಂತು. ಕಹಿ ಇರುತ್ತೆ ಅಂದುಕೊಂಡಿದ್ದೆ. ಸಿಕ್ಕಿದ್ದು ಹಸಿ ಅವರೆಕಾಳು ಬೇಯುವಾಗ ಬರುವ ಸೊಗಡು, ನಾಲಿಗೆ ತುಂಬಾ ಹರಡುವ ಸವಿ. ಕೊನೆಯಲ್ಲಿ ಒಂಚೂರು ಒಗರು, ಅಷ್ಟೇ.

ಮೂಲೆಯಲ್ಲಿ ಬೀಸುವ ಕಲ್ಲು ನಿಧಾನವಾಗಿ ತಿರುಗುತ್ತಿತ್ತು. ಗಂಟೆಗೆ ಸುಮಾರು 40 ಗ್ರಾಂ ಪುಡಿ ಬೀಳುತ್ತದೆ, ಜೋರಾಗಿ ತಿರುಗಿಸಿದರೆ ಕಲ್ಲು ಬಿಸಿಯಾಗಿ ಪರಿಮಳ ಹೋಗುತ್ತದೆ ಅಂದರು. ನಾನು ಕೊಂಡ 40 ಗ್ರಾಂ ಡಬ್ಬ ಅಂದರೆ ಆ ಕಲ್ಲಿನ ಒಂದು ಗಂಟೆಯ ಕೆಲಸ.

ಮೈಸೂರಿಗೆ ಬಂದ ಮೇಲೆ, ಆ ಹಸಿರು ಎಲ್ಲರಿಗೂ ಕಾಣಲಿ ಅಂತ ಪುಡಿಯನ್ನು ಗಾಜಿನ ಭರಣಿಗೆ ಸುರಿದೆ. ಕಿಟಕಿ ಪಕ್ಕದ ಕಪಾಟಿನಲ್ಲಿಟ್ಟೆ. ಬಂದವರಿಗೆಲ್ಲ ಮುಚ್ಚಳ ತೆಗೆದು ತೋರಿಸಿದೆ. ಕುಡಿಯಲು ಮಾತ್ರ ಕೈ ಬರಲಿಲ್ಲ, ಅಪ್ಪ ಬಂದಾಗ ಮಾಡೋಣ ಅಂತ ಎತ್ತಿಟ್ಟೆ. ಅಪ್ಪ ಬರುವ ಹೊತ್ತಿಗೆ ಎಂಟು ತಿಂಗಳು. ಬಟ್ಟಲಿನಲ್ಲಿ ಕಂಡದ್ದು ಒಣಹುಲ್ಲಿನ ಬಣ್ಣ. ವಾಸನೆಯೂ ಹುಲ್ಲಿನದೇ. ಅಪ್ಪ ಪೂರ್ತಿ ಕುಡಿದು, ಬಟ್ಟಲು ಕೆಳಗಿಟ್ಟು, “ಕಷಾಯದ ಥರ ಇದೆ ಕಣಮ್ಮ” ಅಂದರು.

ನಾನು ಮಾಡಿದ್ದು ಎಂಥ ತಪ್ಪು ನೋಡಿ. ಕೊಯ್ಲಿಗೆ ಮುಂಚೆ ಸುಮಾರು ಮೂರು ವಾರ ಆ ಚಹಾ ಗಿಡಗಳಿಗೆ ಚಪ್ಪರ ಹೊದಿಸಿ ಬಿಸಿಲು ತಪ್ಪಿಸುತ್ತಾರೆ. ಬಿಸಿಲು ಬಿದ್ದರೆ ಎಲೆಯೊಳಗಿನ ಥಿಯಾನಿನ್ ಎಂಬ ಸತ್ವ ಒಗರಿನ ಅಂಶವಾಗಿ ಬದಲಾಗುತ್ತದೆ. ನೆರಳಿನಲ್ಲಿ ಹೆಚ್ಚು ಉಳಿಯುತ್ತದೆ, ಆ ಸವಿ ಬರುವುದು ಅದರಿಂದ. ಕೊಯ್ದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ತೊಟ್ಟು ನಾರು ತೆಗೆದು ತೆಂಚಾ ಮಾಡುತ್ತಾರೆ. ಅದನ್ನು ಬೀಸಿದರೆ ಮಾಚಾ. ಅವರು ಅಷ್ಟು ದಿನ ಬಿಸಿಲಿನಿಂದ ಕಾಪಾಡಿದ್ದನ್ನು ನಾನು ಕಿಟಕಿಯ ಬೆಳಕಿಗಿಟ್ಟೆ! ಎಲೆಯಾಗಿದ್ದರೆ ಸ್ವಲ್ಪ ತಡೆಯುತ್ತಿತ್ತೇನೋ. ಇದು ನುಣ್ಣನೆ ಹಿಟ್ಟು, ಕಣಕಣಕ್ಕೂ ಗಾಳಿ ತಾಗುತ್ತದೆ. ಮುಚ್ಚಳ ತೆಗೆದಾಗೆಲ್ಲ ಇನ್ನಷ್ಟು.

ಇನ್ನು ಆ ‘ಗ್ರೇಡ್’ ವಿಷಯ. ಜಪಾನಿನಲ್ಲಿ ಅಂಥ ಅಧಿಕೃತ ದರ್ಜೆಯೇ ಇಲ್ಲ, ಅದು ಹೊರದೇಶಗಳಲ್ಲಿ ಮಾರುವಾಗ ಹಚ್ಚುವ ಹೆಸರು. ಅದರ ಬದಲು ಪುಡಿ ಗಟ್ಟಿಯಾಗಿ ಕಲಸುವ ಕೊಯ್ಚಾಗೋ ತೆಳುವಾಗಿ ಕಲಸುವ ಉಸುಚಾಗೋ ಅಂತ ವಿಚಾರಿಸಿ. ಕೊಯ್ಚಾ ಜೇನಿನಷ್ಟು ಗಟ್ಟಿ, ಅದಕ್ಕೆ ಒಗರು ಕಡಿಮೆ ಇರುವ ದುಬಾರಿ ಪುಡಿ ಬೇಕು. ನಿಮಗೆ ತೆಳುವಾದ ಉಸುಚಾ ಪುಡಿ ಧಾರಾಳ ಸಾಕು.

20 ಗ್ರಾಂ ಡಬ್ಬ ತರಿಸಿ. ಒಡೆಯುವವರೆಗೆ ಫ್ರಿಜ್‌ನಲ್ಲಿರಲಿ. ಒಡೆಯುವ ಮುಂಚೆ ಹೊರಗಿಟ್ಟು ತಣುವು ಹೋಗಲು ಬಿಡಿ, ಇಲ್ಲದಿದ್ದರೆ ಪುಡಿಗೆ ತೇವ ಹಿಡಿಯುತ್ತದೆ. ಒಡೆದ ಮೇಲೆ ಒಂದು ತಿಂಗಳೊಳಗೆ ಮುಗಿಸಿ. ಒಂದು ಸಲಕ್ಕೆ 2 ಗ್ರಾಂ, ಜರಡಿ ಹಿಡಿದು. 80 ಡಿಗ್ರಿಯ ನೀರು 70 ಮಿಲಿ. ಕುದಿಯುವ ನೀರು ಬೇಡವೇ ಬೇಡ, ಒಗರು ಜಾಸ್ತಿಯಾಗುತ್ತದೆ. ಬಿದಿರಿನ ಪುಟ್ಟ ಕಡೆಗೋಲಾದ ಚಾಸೆನ್‌ನಿಂದ ಹಿಂದೆ ಮುಂದೆ ಬೇಗಬೇಗ ಆಡಿಸಿ, ಗುಂಡಗೆ ತಿರುಗಿಸಬೇಡಿ.

ಹೋದ ವರ್ಷ ಹೊಸ ಡಬ್ಬವನ್ನು ಅಪ್ಪನ ಕೈಯಲ್ಲೇ ಒಡೆಸಿದೆ. ಮೊದಲು ಅರ್ಧ ಹೋಳಿಗೆ ಕೊಟ್ಟೆ. ಬಟ್ಟಲು ಖಾಲಿಯಾದ ಮೇಲೆ ತಳದಲ್ಲಿ ಉಳಿದ ಹಸಿರನ್ನು ಬೆರಳಿನಿಂದ ಒರೆಸಿ ನೆಕ್ಕಿದರು.